ಕೊಟ್ರನೂ ಅವನ ತಟ್ಟೆಮೀನುಗಳೂ

ಹೂಂ ಅನ್ನೋಕೆ ನಿಮ್ಮಲ್ಲಿ ಒಬ್ಬರಾದ್ರೂ ಇದ್ರೆ ಸಾಕು, ಕತೆ ತಾನಾಗೇ ನಡೆಯುತ್ತೆ. ಕೇಳಿ.

ಹೊಳೆದಂಡೆ ಬೀದೀಲಿ ಗಂಗಮಾಳವ್ವ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಕೊಟ್ರ. ಆಳು ನೋಡಿದ್ರೆ ಬಾಗಿಲಿಗೆ ತಲೆ ತಾಗೋಷ್ಟು ಎತ್ತರ. ಬುದ್ಧಿ ಮಾತ್ರ ಇನ್ನೂ ಹೊಸ್ತಿಲು ದಾಟಿರಲಿಲ್ಲ. ಹೇಳಿದ್ದನ್ನ ಮಾಡ್ತಿದ್ದ. ಅದೇ ತೊಂದ್ರೆ! ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ.

“ನಾನು ಕಣ್ಮುಚ್ಚಿದ ಮೇಲೆ ಇವನ ಗತಿ ಏನೋ ತಮ್ಮಾ?” ಅಂತ ಗಂಗಮಾಳವ್ವ ತಮ್ಮ ಬಕ್ಕಪ್ಪನ ಮುಂದೆ ಅತ್ತಳು. ಬಕ್ಕಪ್ಪನದು ಪೇಟೇಲಿ ಬಣ್ಣದ ಮೀನಿನ ಅಂಗಡಿ. ಆಸಾಮಿ ಮಹಾ ಸಿಡುಕ. ಆದ್ರೂ ಅಕ್ಕ ಅಲ್ವಾ, ಕರಗಿದ. ದೊಡ್ಡದೊಂದು ಗಾಜಿನ ತೊಟ್ಟಿ ತಂದಿಟ್ಟು, ಅದರೊಳಗೆ ಆರು ಮರಿ ಬಿಟ್ಟ. ಡಿಸ್ಕಸ್ ಅಂತ ಆ ಮೀನಿನ ಹೆಸರು. ತಟ್ಟೆ ಥರ ದುಂಡಗೆ, ಚಪ್ಪಟೆ, ಮೈಮೇಲೆಲ್ಲಾ ಕೆಂಪು ಗೀರು. ಗಂಗಮಾಳವ್ವನ ಬಾಯಲ್ಲಿ ಅದು ತಟ್ಟೆಮೀನು ಆಯ್ತು.

“ಅಕ್ಕಾ, ಇವನ್ನ ಕೊಟ್ರ ಸಾಕಲಿ. ಎಲ್ಲಾ ಬದುಕಿ ಬೆಳೆದ್ರೆ ಅವನನ್ನ ಅಂಗಡಿ ಕೆಲಸಕ್ಕೆ ಸೇರಿಸ್ಕೋತೀನಿ. ಒಂದು ಸತ್ತರೂ ಮತ್ತೆ ನನ್ನ ಕೇಳ್ಬೇಡ!”

“ಅಷ್ಟೇ ತಾನೆ ಮಾವ? ಆಯ್ತು ಬಿಡು!” ಅಂದ ಕೊಟ್ರ, ಎದೆ ಉಬ್ಬಿಸಿ.

ನೋಡೋಕೆ ಚಂದ ಆ ಮರಿಗಳು, ಗುಣ ಕೇಳ್ಬೇಡಿ! ಒಂದು ದೊಡ್ಡದು, ಪೈಲ್ವಾನನಂಥದ್ದು. ಒಂದು ಸಣ್ಣದು, ಪಾಪದ್ದು. ಪೈಲ್ವಾನ ಸಣ್ಣದನ್ನ ಗುದ್ದುತ್ತೆ, ಅಟ್ಟಾಡಿಸುತ್ತೆ, ಒಂದು ಕಾಳು ತಿನ್ನೋಕೂ ಬಿಡಲ್ಲ. ಸಣ್ಣದು ಮೂಲೆ ಸೇರಿ ಕಪ್ಪಗಾಗಿ ನಿಂತುಬಿಡ್ತು.

“ಅವ್ವಾ! ಅದು ಇದನ್ನ ಗುದ್ದುತ್ತೆ!”

“ಅಯ್ಯೋ, ನೋಡ್ಕೊಂಡು ನಿಂತಿದ್ದೀಯಲ್ಲೋ! ನಡುವೆ ನಿಂತು ಬಿಡಿಸ್ಬಾರದಾ?” ಅಂದಳು ಅವಳು ರೊಟ್ಟಿ ಬಡೀತಾ.

ದಬಾರ್! ಹೊರಗೆ ಬಂದು ನೋಡ್ತಾಳೆ, ಕೊಟ್ರ ಪಂಚೆ ಎತ್ತಿ ಕಟ್ಟಿ ತೊಟ್ಟಿಯೊಳಗೆ ನಿಂತವ್ನೆ! ಅರ್ಧ ನೀರು ನೆಲದ ಮೇಲೆ.

“ಇಳಿಯೋ ಕೋಣ! ಜಗಳದೊಳಗೆ ಹೋಗಿ ನಿಲ್ತಾರೇನೋ? ಗುದ್ದೋನನ್ನ ಹಿಡಿದೆತ್ತಿ ಬೇರೆ ನೀರಿಗೆ ಹಾಕ್ಬೇಕು. ಮೇಲೊಂದು ಬಟ್ಟೆ ಮುಚ್ಬೇಕು. ಕತ್ತಲಲ್ಲಿದ್ರೆ ಸಿಟ್ಟು ತಾನೇ ಇಳಿಯುತ್ತೆ. ಹಂಗಂತ ನಿನ್ನ ಮಾವ ಹೇಳಿಲ್ವಾ?”

“ಅಷ್ಟೇ ತಾನೆ ಅವ್ವ? ಆಯ್ತು ಬಿಡು!”

ಗಂಗಮಾಳವ್ವ ತಾನೇ ಪೈಲ್ವಾನನನ್ನ ಬಕೆಟ್ಟಿಗೆ ಹಾಕಿ ಟವೆಲ್ ಮುಚ್ಚಿದಳು. ಕೊಟ್ರ ಬೀದಿ ನಲ್ಲಿಗೆ ನೀರು ತರೋಕೆ ಹೋದ. ಅಲ್ಲಿ ಪಕ್ಕದ್ಮನೆ ಹಾಲವ್ವ ಇನ್ನೊಬ್ಬಳ ಕೊಡ ಒದ್ದು ಬಾಯಿ ಮಾಡ್ತಿದ್ದಳು. ಕೊಟ್ರ ಒಂದು ಗಳಿಗೆ ನೋಡಿದ. ಗುದ್ದೋಳು ಇವಳೇ! ಹಾಲವ್ವನನ್ನ ಅನಾಮತ್ತು ಎತ್ತಿದ, ದನದ ನೀರಿನ ಬಾನಿಯೊಳಗೆ ಕೂರಿಸಿದ, ಮೇಲೆ ತನ್ನ ಹೆಗಲ ಕಂಬಳಿ ಮುಚ್ಚಿದ.

“ಸುಮ್ನಿರು ಹಾಲವ್ವತ್ತೆ, ಕತ್ತಲಾಗ್ಲಿ, ಸಿಟ್ಟು ಇಳಿಯುತ್ತೆ!”

ಸಿಟ್ಟು ಇಳಿಯುತ್ತಾ? ಒದ್ದೆ ಸೀರೇಲೇ ಹಾಲವ್ವ ಗಂಗಮಾಳವ್ವನ ಬಾಗಿಲಿಗೆ ಬಂದಳು. “ನಿನ್ನ ಮಗನ್ನ ಕಟ್ಟಿಹಾಕ್ತೀಯೋ, ನಾನೇ ಕಟ್ಲೋ?”

ಅವಳನ್ನ ಸಮಾಧಾನ ಮಾಡೋ ಹೊತ್ತಿಗೆ ಗಂಗಮಾಳವ್ವನಿಗೆ ಸಾಕಾಯ್ತು. “ಮುಟ್ಠಾಳ! ಸಿಟ್ಟು ಬಂದೋರನ್ನ ನೀರಿಗೆ ಹಾಕ್ತಾರೇನೋ? ಕೈ ಮುಗಿದು, ಒಳ್ಳೆ ಮಾತಾಡಿ, ತಣ್ಣಗೆ ಬೆಲ್ಲದ ಪಾನಕ ಕೊಡ್ಬೇಕು!”

“ಅಷ್ಟೇ ತಾನೆ ಅವ್ವ? ಆಯ್ತು ಬಿಡು!”

ಪೈಲ್ವಾನ ವಾಪಸ್ ತೊಟ್ಟಿಗೆ ಬಂದ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ ಮತ್ತೆ ಗುದ್ದೋಕೆ ಶುರು! ಕೊಟ್ರ ಕೈ ಮುಗಿದ. “ಬೇಡಪ್ಪಾ, ನೀನು ದೊಡ್ಡೋನು, ಇಷ್ಟು ಸಿಟ್ಟು ಮಾಡ್ಬಾರದು,” ಅಂದ. ಒಂದು ಚೊಂಬು ಪಾನಕ ತೊಟ್ಟಿಗೆ ಸುರಿದ. ಏಲಕ್ಕಿನೂ ಹಾಕಿದ್ದ!

ಮರಿಗಳೆಲ್ಲಾ ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಗಂಗಮಾಳವ್ವ ಎದೆ ಹೊಡ್ಕೊಂಡು ಓಡಿ ಬಂದಳು. ಮರಿಗಳನ್ನ ಒಂದೊಂದಾಗಿ ಎತ್ತಿ ಬೇರೆ ಬೆಚ್ಚನೆ ನೀರಿಗೆ ಬಿಟ್ಟು, ತೊಟ್ಟಿ ತೊಳೆದಳು. ಸಣ್ಣದು ಅಡ್ಡಡ್ಡ ಬಿದ್ದು ಹೇಗೋ ಚೇತರಿಸಿಕೊಳ್ತು.

“ಲೋ, ಅದು ಸತ್ತಿದ್ರೆ ನಿನ್ನ ಬಾಳೇ ಮುಳುಗ್ತಿತ್ತಲ್ಲೋ! ಒಂದೇ ಕಡೆ ಕಾಳು ಹಾಕಿದ್ರೆ ದೊಡ್ಡದೇ ಕಾವಲು ಕೂತು ತಿನ್ನುತ್ತೆ. ಆ ತುದೀಲಿ ಒಂದಿಷ್ಟು, ಈ ತುದೀಲಿ ಒಂದಿಷ್ಟು ಹಾಕು. ಅತ್ತ ಇತ್ತ ಓಡಾಡೋದ್ರಲ್ಲಿ ಗುದ್ದೋದು ಮರೆಯುತ್ತೆ.”

“ಅಷ್ಟೇ ತಾನೆ ಅವ್ವ? ಆಯ್ತು ಬಿಡು!”

ಅವತ್ತು ಹಾಲವ್ವನ ಮೊಮ್ಮಗಳಿಗೆ ಹೆಸರಿಡೋ ಶಾಸ್ತ್ರ. ಬಡಿಸೋಕೆ ಆಳು ಸಾಲ್ದು ಅಂತ ಕೊಟ್ರನ್ನೇ ಕರೆದರು, ಪಾಪ, ಬೇರೆ ಯಾರೂ ಇರಲಿಲ್ಲ. ಕೊಟ್ರ ಏನ್ಮಾಡಿದ? ಸಾಲಿನ ಆ ತುದಿ ಎಲೆಗೆ ಅನ್ನವೆಲ್ಲಾ ಸುರಿದ. ಈ ತುದಿ ಎಲೆಗೆ ಸಾರೆಲ್ಲಾ ಸುರಿದ. ನಡುವೆ ನಿಂತು ಚಪ್ಪಾಳೆ ತಟ್ಟಿದ.

“ಓಡಾಡಿ! ಅತ್ತ ಇತ್ತ ಓಡಾಡಿ! ಜಗಳಾನೇ ಬರಲ್ಲ!”

ಬಂತು ನೋಡಿ ಜಗಳ! ಬೀಗರ ಕಡೆಯೋರೆಲ್ಲಾ ಸೌಟು ಹಿಡ್ಕೊಂಡು ಅಟ್ಟಿಸಿಕೊಂಡು ಬಂದರು.

ಗಂಗಮಾಳವ್ವ ನೇರ ತಮ್ಮನ ಅಂಗಡಿಗೆ ಹೋಗಿ ಕೂತಳು. “ಬಕ್ಕಪ್ಪಾ, ಎರಡು ತುದೀಲಿ ಕಾಳು ಹಾಕಿದ್ರೂ ಗುದ್ದೋದು ನಿಂತಿಲ್ಲ, ಸಣ್ಣದು ಉಳಿಯಂಗಿಲ್ಲ ಕಣೋ.”

ಬಕ್ಕಪ್ಪ ತಲೆ ಕೆರೆದ. “ಅಕ್ಕಾ, ತೊಟ್ಟಿ ದೊಡ್ಡದೇ ಐತೆ. ಇನ್ನೂ ನಾಲ್ಕು ಮರಿ ತಗೊಂಡು ಹೋಗಿ ಬಿಡು. ದಿನಾ ನೀರು ಬದಲಾಯಿಸು. ಗುಂಪು ದೊಡ್ಡದಾದ್ರೆ ಗುದ್ದು ಹಂಚಿ ಹೋಗುತ್ತೆ. ಒಂದರ ಮೇಲೇ ಬಿದ್ರೆ ಸಾಯುತ್ತೆ, ಎಲ್ಲಕ್ಕೂ ಒಂದೊಂದು ಬಿದ್ರೆ ಯಾವುದಕ್ಕೂ ನೋವಾಗಲ್ಲ.”

ಕೊಟ್ರ ಬಾಗಿಲಲ್ಲಿ ನಿಂತು ಕೇಳಿಸ್ಕೊಂಡ. “ಅಷ್ಟೇ ತಾನೆ ಮಾವ? ಆಯ್ತು ಬಿಡು!”

ನಾಲ್ಕು ಮರಿ ಬಿಟ್ಟರು. ನಿಜವಾಗ್ಲೂ ಹಾಗೇ ಆಯ್ತು! ಪೈಲ್ವಾನ ಇದನ್ನ ಅಟ್ಟಿದ, ಅದನ್ನ ಅಟ್ಟಿದ, ಯಾರನ್ನ ಅಟ್ಟಬೇಕೋ ತಿಳೀದೆ ಸುಸ್ತಾದ. ಸಣ್ಣದು ಸಂದೀಲಿ ನುಗ್ಗಿ ಕಾಳು ತಿಂತು. ದಿನ ಕಳೆದ ಹಾಗೆ ಬಣ್ಣ ಬಂತು, ಮೈ ತುಂಬಿತು.

ಬಕ್ಕಪ್ಪ ಬಂದು ನೋಡಿದ. ಎಲ್ಲಾ ಜೀವಂತ! “ನಾಳೆ ಅಂಗಡಿಗೆ ಬಾರೋ, ನೋಡೋಣ,” ಅಂದ. ಗಂಗಮಾಳವ್ವ ಸೆರಗಲ್ಲಿ ಕಣ್ಣೊರೆಸಿ ಮಗನಿಗೆ ಒಂದೇ ಮಾತು ಹೇಳಿದಳು: “ನಿನ್ನ ಮಾವ ಸಿಡುಕ. ಬೈದೇ ಬೈತಾನೆ. ತಡ್ಕೋಬೇಕಪ್ಪಾ.”

ಕೊಟ್ರ ಯೋಚಿಸಿದ. ಬೈಗುಳೆಲ್ಲಾ ನನ್ನೊಬ್ಬನ ಮೇಲೇ ಬಿದ್ರೆ ಸಾಯ್ತೀನಲ್ಲಾ!

ಬೆಳಿಗ್ಗೆ ಮನೆ ಮನೆ ಬಾಗಿಲು ತಟ್ಟಿದ. “ನಮ್ಮಾವ ಬೈತಾನಂತೆ, ಬನ್ನಿ! ಆಳಿಗೊಂದೊಂದು ಬಂದ್ರೆ ಯಾರಿಗೂ ನೋವಾಗಲ್ಲ!”

“ನಡಿ, ಆ ಸಿಡುಕನ ಬಾಯಿ ನಾನೂ ಒಂದ್ಸಲ ನೋಡ್ತೀನಿ!” ಅಂತ ಹಾಲವ್ವನೇ ಮುಂದೆ ಹೊರಟಳು. ಹಿಂದೆ ಇಡೀ ಬೀದಿ!

ಅಂಗಡಿ ತುಂಬಿತು. ಬಕ್ಕಪ್ಪ ಬಾಯಿ ತೆಗೆದ. ಕೊಟ್ರನ ಕಡೆ ನೋಡಿದ, ಹಾಲವ್ವನ ಕಡೆ ನೋಡಿದ, ಅವಳ ಹಿಂದಿನೋರ ಕಡೆ ನೋಡಿದ. ಯಾರನ್ನ ಅಂತ ಬೈಯೋದು? ಬಾಯಿ ತೆಗೆದದ್ದು ಹಾಗೇ ಉಳೀತು.

“ಬೈ ಮಾವ, ಹಂಚಿ ಬೈ!” ಅಂದ ಕೊಟ್ರ ಧೈರ್ಯವಾಗಿ.

“ಅಪ್ಪಾ, ದಮ್ಮಯ್ಯ! ನಾಳೆಯಿಂದ ನಿನಗೆ ಕೆಲಸ ಕೊಟ್ಟೆ! ಈಗ ಇವರನ್ನ ಕರ್ಕೊಂಡು ಹೋಗೋ!”

ಗಂಗಮಾಳವ್ವ ಅವತ್ತು ಹೋಳಿಗೆ ಮಾಡಿದಳು. ಕೊಟ್ರ ಹೋಳಿಗೆ ಮುರೀತಾ ಯೋಚಿಸಿದ. ಬೈಸಿಕೊಳ್ಳೋಕೆ ಎಲ್ಲರೂ, ಕೆಲಸ ನನಗೊಬ್ಬನಿಗಾ? ಪೈಲ್ವಾನನೇ ಎಲ್ಲಾ ಕಾಳು ತಿಂದಂಗಾಯ್ತಲ್ಲಾ! ಎದ್ದು ಮತ್ತೆ ಮನೆ ಮನೆ ಬಾಗಿಲು ತಟ್ಟಿದ.

ಮಾರನೇ ದಿನ ಬಕ್ಕಪ್ಪ ಒಳಗಿನಿಂದ ಅಂಗಡಿ ಬಾಗಿಲು ಅರ್ಧ ತೆಗೆದ. ಹೊರಗೆ ಸಾಲು. ಎಲ್ಲರ ಕೈಯಲ್ಲೂ ಬುತ್ತಿ. ಎಲ್ಲರಿಗಿಂತ ಮುಂದೆ ಕೊಟ್ರ. ಬಕ್ಕಪ್ಪ ಫಟ್ ಅಂತ ಬಾಗಿಲು ಹಾಕಿ ಅಗಳಿ ಜಡಿದ.

“ಹೆದರ್ಬೇಡ ಮಾವ, ಬಾಗಿಲು ತೆಗಿ!” ಅಂತ ಕೊಟ್ರ ಕೂಗಿದ. “ಪಕ್ಕದ ಬೀದಿಯೋರಿಗೂ ಹೇಳಿ ಕಳಿಸಿದೀನಿ!”