ಹೊಗೆಯೇಳದ ಊರು

“ಗುರುಗಳೇ, ನಮ್ಮೂರಿನ ಬೆಟ್ಟವನ್ನು ಕಲ್ಲಿಗಾಗಿ ಒಡೆಯುತ್ತಿದ್ದಾರೆ. ಬೇಡ ಎಂದು ಅದರ ಬುಡದಲ್ಲಿ ಸುಮ್ಮನೆ ಕೂತಿದ್ದೆವು. ಈಗ ಅಲ್ಲಿ ಗುಂಪು ಸೇರಬಾರದು, ಘೋಷಣೆ ಕೂಗಬಾರದು ಎಂದು ಸರ್ಕಾರ ನಿಷೇಧಾಜ್ಞೆ ಹೊರಡಿಸಿದೆ. ಊರಿಗೆ ಊರೇ ಸೂತಕದಲ್ಲಿದೆ. ಕೂರಲೂ ಬಿಡದೆ, ಮಾತಾಡಲೂ ಬಿಡದೆ ಹೋದರೆ ಬೇಡ ಎನ್ನುವುದು ಹೇಗೆ?”

ಹೀಗೆ ಕೇಳಿದ ಶಿಷ್ಯ ಮನೆಯಿಂದ ತಂದಿದ್ದ ಬುತ್ತಿಯನ್ನು ಗುರುಗಳ ಮುಂದಿಟ್ಟ. ಗುರುಗಳು ಬುತ್ತಿ ಬಿಚ್ಚದೆ ಕತೆ ಶುರು ಮಾಡಿದರು.

ಒಬ್ಬ ಪಾಳೆಯಗಾರನಿದ್ದ. ಕೆಟ್ಟವನೇನಲ್ಲ, ಕುದುರೆಯ ಹುಚ್ಚು ಅಷ್ಟೆ. ಪರವೂರಿನ ವ್ಯಾಪಾರಿಯೊಬ್ಬ ಬಂದು, ನಿಮ್ಮ ಕೆರೆಯನ್ನು ಒಡೆಸಿ ಅದರ ಅಂಗಳವನ್ನು ಬಟ್ಟೆಗೆ ಬಣ್ಣ ಕೊಡುವ ನೀಲಿ ಗಿಡ ಬೆಳೆಯಲು ಕೊಡಿ, ನಿಮ್ಮ ಲಾಯ ತುಂಬ ಕುದುರೆ ಕಟ್ಟುತ್ತೇನೆ ಎಂದ. ಪಾಳೆಯಗಾರ ಒಪ್ಪಿದ. ಅಮಾವಾಸ್ಯೆ ಕಳೆದ ಮೇಲೆ ಕೆರೆಯ ಏರಿ ಕಡಿಯುವುದೆಂದು ನಿಶ್ಚಯವಾಯಿತು.

ಊರಿನವರು ಹೋಗಿ ಏರಿಯ ಮೇಲೆ ಕೂತರು. ಕಲ್ಲೆಸೆಯಲಿಲ್ಲ, ಬೈಯಲಿಲ್ಲ. ಆಳುವವರಿಗೆ ಬೈಯುವವರಿಗಿಂತ ಸುಮ್ಮನೆ ಕೂತವರನ್ನು ಕಂಡರೆ ಸಿಟ್ಟು ಜಾಸ್ತಿ. ಪಾಳೆಯಗಾರ ಡಂಗುರ ಸಾರಿಸಿದ. ಏರಿ ಹತ್ತಬಾರದು. ಗುಂಪು ಕೂಡಬಾರದು. ಕೆರೆಯ ಮಾತೆತ್ತಬಾರದು. ಎಲ್ಲರೂ ತಂತಮ್ಮ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರಬೇಕು.

ಆ ಊರಿನಲ್ಲಿ ಒಬ್ಬ ಕುಂಬಾರಗಿತ್ತಿಯಿದ್ದಳು. ಕೆರೆಯ ಮಣ್ಣೇ ಅವಳ ಅನ್ನ. ಡಂಗುರ ಕೇಳಿ ಅವಳಿಗೆ ಅಳು ಬಂತು. ಅಳುತ್ತಲೇ ಯೋಚಿಸಿದಳು. ಮನೆಯಲ್ಲಿರಬೇಕು, ಮಾತಾಡಬಾರದು, ಇದು ಸಾವಿನ ಮನೆಯ ಕಟ್ಟಳೆಯಲ್ಲವೇ? ಎದ್ದು ಹೋಗಿ ಒಲೆಗೆ ನೀರು ಸುರಿದಳು. ಏಕೆಂದರೆ ಅಲ್ಲಿ ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಒಲೆ ಉರಿಯುವ ಮನೆಯವರೇ ಅನ್ನ ಮಾಡಿ ತಂದು ಬಡಿಸಬೇಕಿತ್ತು.

ಪಕ್ಕದ ಮನೆಯವಳು ಅನ್ನ ತಂದಳು, ವಿಷಯ ತಿಳಿದಳು, ಹಿಂದಿರುಗಿ ತನ್ನ ಒಲೆಯನ್ನೂ ಆರಿಸಿದಳು. ಹೀಗೆ ಮನೆಯಿಂದ ಮನೆಗೆ ಒಲೆಗಳು ಆರಿದವು. ಮಕ್ಕಳು ನೆನೆಸಿದ ಕಾಳು ತಿಂದರು. ದೊಡ್ಡವರು ಕೆರೆಯ ನೀರು ಕುಡಿದು ಮಲಗಿದರು.

ಪಾಳೆಯಗಾರ ಕೋಟೆಯ ಮೇಲೆ ನಿಂತು ನೋಡಿದ. ಊರಿನವರ ಯಾವ ಮನೆಯಲ್ಲಿಯೂ ಹೊಗೆಯಿಲ್ಲ. ಇವರು ನನ್ನ ಆಜ್ಞೆ ಮೀರುತ್ತಿದ್ದಾರೆಯೇ ಎಂದು ದಳವಾಯಿಯನ್ನು ಕೇಳಿದ. ಇಷ್ಟು ಚೆನ್ನಾಗಿ ಆಜ್ಞೆ ಪಾಲಿಸುವ ಊರನ್ನು ತಾನು ಎಲ್ಲಿಯೂ ಕಂಡಿಲ್ಲ ಎಂದು ದಳವಾಯಿ ಹೇಳಿದ. ಅವನ ಮನೆಯ ಒಲೆಯೂ ಆರಿತ್ತು.

ಪಾಳೆಯಗಾರನ ತಾಯಿ ಮುದುಕಿ. ಊರಿನಲ್ಲೆಲ್ಲ ಒಲೆ ಆರಿ ತಮ್ಮದು ಉರಿಯುತ್ತಿದ್ದರೆ ಅನ್ನ ಒಯ್ಯಬೇಕಾದವರು ತಾವೇ ಎಂದು ಅವಳಿಗೆ ಗೊತ್ತಿತ್ತು. ಹಂಡೆಗಟ್ಟಲೆ ಅನ್ನ ಮಾಡಿಸಿದಳು. ಬರಿಗಾಲಲ್ಲಿ ಕುಂಬಾರಗಿತ್ತಿಯ ಮನೆಗೆ ಹೋಗಿ, ಯಾರು ಹೋದರು ತಾಯಿ ಎಂದು ಕೇಳಿದಳು.

ಕುಂಬಾರಗಿತ್ತಿ ಮೆಲ್ಲನೆ ಹೇಳಿದಳು: “ಹೆಸರು ಹೇಳೋ ಹಾಗಿಲ್ಲ ಅವ್ವಾ, ಅಪ್ಪಣೆಯಾಗಿದೆ. ನಮಗೆಲ್ಲ ನೀರು ಕೊಟ್ಟವಳು.”

ಮುದುಕಿ ಅಲ್ಲಿಯೇ ಕೂತು ಅತ್ತಳು. ಅನ್ನವನ್ನು ಅಲ್ಲಿಯೇ ಬಿಟ್ಟು ಅರಮನೆಗೆ ಬಂದಳು. ಮಗ ನೋಡುತ್ತಿರುವಂತೆಯೇ ಅಡುಗೆಮನೆಯ ಒಲೆಗೆ ಕೊಡ ಬಗ್ಗಿಸಿದಳು.

“ನಾನು ಮದುವೆಯಾಗಿ ಬಂದ ದಿನ ಮೊದಲು ಕುಡಿದದ್ದು ಆ ಕೆರೆಯ ನೀರು, ಮಗಾ. ಸೂತಕ ನಮಗೂ ಇದೆ.”

ಈಗ ಊರಿನಲ್ಲಿ ಉಳಿದದ್ದು ಒಂದೇ ಹೊಗೆ. ಅದು ವ್ಯಾಪಾರಿಯ ಬಿಡಾರದ್ದು. ಕಟ್ಟಳೆ ಏನೆಂದು ಅವನಿಗೂ ಹೇಳಿಕಳಿಸಿದ್ದರು. ಪಾಳೆಯಗಾರ ಹಸಿದು ಕಾದ. ಬಿಡಾರದಿಂದ ತುಪ್ಪದ ಘಮ ಬಂತು, ಅನ್ನ ಬರಲಿಲ್ಲ. ಸಂಜೆಗೆ ವ್ಯಾಪಾರಿಯ ಆಳು ಬಂದು, ಏರಿ ಯಾವಾಗ ಕಡಿಸುತ್ತೀರಿ ಎಂದು ಕೇಳಿದ.

ಪಾಳೆಯಗಾರನಿಗೆ ನಾಚಿಕೆಯಾಯಿತು. ತನ್ನವರು ಯಾರು ಎಂದು ಹೊಟ್ಟೆ ಹಸಿದ ಮೇಲೆ ಗೊತ್ತಾಯಿತು. ಆಗಲೇ ಡಂಗುರದವನನ್ನು ಕರೆಸಿದ. ಕೆರೆ ಒಡೆಯುವುದಿಲ್ಲ, ಆಜ್ಞೆ ರದ್ದು, ವ್ಯಾಪಾರಿ ಗಂಟುಮೂಟೆ ಕಟ್ಟಬಹುದು ಎಂದು ಸಾರಿಸಿದ.

ಊರೆಲ್ಲ ಏರಿಯ ಮೇಲೆ ಬಂತು. ಇಷ್ಟು ದಿನ ಬಾಯಿ ಮುಚ್ಚಿದ್ದವರು ಗಂಟಲು ಹರಿಯುವ ಹಾಗೆ ಹಾಡಿದರು. ತಮಟೆಯ ಸದ್ದಿಗೆ ಲಾಯದ ಕುದುರೆಗಳೂ ಕಾಲು ಕುಟ್ಟಿದವು. ಏರಿಯ ಮೇಲೆಯೇ ಒಲೆ ಹೂಡಿ ಹಚ್ಚಿದರು. ಅರಮನೆಗೆ ಮೊದಲ ಅನ್ನ ಹೋದದ್ದು ಕುಂಬಾರಗಿತ್ತಿಯ ಮಡಕೆಯಲ್ಲಿ. ಪಾಳೆಯಗಾರ ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತು ಉಂಡ. ಆ ಕೆರೆ ಆಮೇಲೆ ಎಷ್ಟೋ ಸಲ ತುಂಬಿ ಕೋಡಿ ಬಿತ್ತು.

ಕತೆ ಕೇಳಿ ಶಿಷ್ಯನ ಮುಖ ಅರಳಿತು. ಗೆದ್ದರಲ್ಲ ಗುರುಗಳೇ, ನಾವೂ ಹಾಗೆಯೇ ಗೆಲ್ಲುತ್ತೇವೆ ಎಂದ. ಗುರುಗಳು ನಕ್ಕರು. ಇನ್ನೂ ಬಿಸಿಯಾಗಿದ್ದ ಬುತ್ತಿಯನ್ನು ಅವನ ಕಡೆಗೆ ಸರಿಸಿದರು.

“ಊರಿಗೆ ಊರೇ ಸೂತಕದಲ್ಲಿದೆ ಎಂದೆಯಲ್ಲ, ಇವತ್ತು ಬೆಳಗ್ಗೆ ನಿಮ್ಮ ಮನೆಯಲ್ಲಿ ಏನು ಅಡುಗೆ?”