ಎರಡು ಸೇರು ತೌಡು

"ಬುದ್ಧಿ, ಕೇಳಬಾರದ್ದನ್ನು ಕೇಳುವ ಮಗುವನ್ನು ಗದರಿಸಿದರೆ ತಪ್ಪೇ?"

ಕೇಳಿದವನು ಶಿವನಂಜ, ಮಠದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಶಿಷ್ಯ. ಆ ಬೆಳಿಗ್ಗೆ ಒಬ್ಬ ಪುಟ್ಟ ಹುಡುಗಿ, ಪಾಪು ಎಲ್ಲಿಂದ ಬರುತ್ತದೆ ಎಂದು ಅವನನ್ನು ಕೇಳಿದ್ದಳು. ಅವನಿಗೆ ಕಿವಿಯೆಲ್ಲ ಬಿಸಿಯಾಗಿ, "ಅಧಿಕಪ್ರಸಂಗಿ, ನಡಿ ಆಚೆ" ಎಂದು ಓಡಿಸಿದ್ದ.

ಗುರುಗಳು ನಕ್ಕು, ಕೂತುಕೋ ಎಂದರು. ಕತೆ ಶುರುಮಾಡಿದರು.

ಒಬ್ಬ ರೈತನಿದ್ದ. ಹೆಂಡತಿ ತುಂಬು ಬಸುರಿ. ಆರು ವರ್ಷದ ಮಗಳು ತಾಯಿಯ ಹೊಟ್ಟೆ ನೋಡುವಳು, ತನ್ನ ಹೊಟ್ಟೆ ನೋಡಿಕೊಳ್ಳುವಳು. ಒಂದು ದಿನ ಅಜ್ಜಿಯನ್ನು ಕೇಳಿಯೇಬಿಟ್ಟಳು. ಅಜ್ಜಿಯ ಬಾಯಲ್ಲಿ ಎಲೆಯಡಿಕೆಯೂ ಇತ್ತು, ಉತ್ತರವೂ ಇತ್ತು. "ಸೂಲಗಿತ್ತಿಗೆ ಒಂದು ಸೇರು ತೌಡು ಕೊಟ್ಟರೆ ಒಂದು ಪಾಪು ಕೊಡುತ್ತಾಳೆ. ನಿನ್ನನ್ನೂ ಹಾಗೇ ತಂದದ್ದು ಕಣೇ."

ನಮ್ಮ ಕಡೆ ಈ ಮಾತು ಕೇಳದೆ ಬೆಳೆದ ಮಗುವೇ ಇಲ್ಲ. ನನಗೂ ಹೇಳಿದ್ದರಪ್ಪ. ಮನೆಯವರೆಲ್ಲ ನಕ್ಕರು, ಮಗಳು ನಗಲಿಲ್ಲ. ತೌಡು ಕೊಟ್ಟು ತಂದದ್ದಾದರೆ ವಾಪಸು ಕೊಡಲೂಬಹುದಲ್ಲ! ಹೊಸ ಪಾಪು ಬಂದಮೇಲೆ ಹಳೆಯದು ಯಾರಿಗೆ ಬೇಕು? ಅವಳಿಗೆ ಅನ್ನ ಸೇರದಾಯಿತು.

ಎಮ್ಮೆಯ ಕಲಗಚ್ಚಿಗೆ ತೌಡು ಬೆರೆಸುವುದು ಅವಳ ಕೆಲಸ. ಅಂದಿನಿಂದ ಎಮ್ಮೆಗೆ ಬರಿಯ ಕಲಗಚ್ಚು. ತೌಡೆಲ್ಲ ಹುಲ್ಲಿನ ಮೆದೆಯ ಹಿಂದೆ ಬಚ್ಚಿಟ್ಟ ಮಡಕೆಗೆ. ವಾರದೊಳಗೆ ಹಾಲು ಅರ್ಧಕ್ಕಿಳಿಯಿತು.

ರೈತ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ. ಹಾಲು ಏರಲಿಲ್ಲ. ಪಕ್ಕದ ಮನೆಯ ಸೂಲಗಿತ್ತಿ, "ಅಬ್ಬಾ, ಎಷ್ಟು ಹಾಲು ಕೊಡುತ್ತಪ್ಪ ನಿನ್ನ ಎಮ್ಮೆ!" ಎಂದದ್ದು ಅವನಿಗೆ ನೆನಪಾಯಿತು. ನಿಂತ ಕಾಲಲ್ಲೇ ಹೋಗಿ, ನಿನ್ನ ಕಣ್ಣು ಬಿದ್ದೇ ಹಾಲು ಇಂಗಿತು ಎಂದು ಬಾಯಿಗೆ ಬಂದಂತೆ ಬೈದ. ಊರಿನ ಮಕ್ಕಳನ್ನೆಲ್ಲ ಮೊದಲು ಕೈಯಲ್ಲಿ ಹಿಡಿದವಳು ಆಕೆ. "ಇನ್ನು ನಿನ್ನ ಹೊಸಿಲು ತುಳಿದರೆ ಕೇಳು" ಎಂದು ಬಾಗಿಲು ಹಾಕಿಕೊಂಡಳು.

ಮೂರನೆಯ ದಿನ ಮಧ್ಯಾಹ್ನ ರೈತನ ಹೆಂಡತಿಗೆ ನೋವು ಶುರುವಾಯಿತು. ಊರಿಗೆಲ್ಲ ಆಕೆಯೊಬ್ಬಳೇ ಸೂಲಗಿತ್ತಿ. ರೈತ ಆ ಬಾಗಿಲವರೆಗೆ ಹೋಗುವನು, ತಿರುಗಿ ಬರುವನು. ಯಾವ ಮುಖ ಹೊತ್ತು ಕರೆಯುವುದು? ಒಳಗೆ ಹೆಂಡತಿ ನರಳುತ್ತಿದ್ದಳು.

ಆಗ ಮಗಳು ಮಡಕೆಯನ್ನು ಕಂಕುಳಲ್ಲಿ ಇರುಕಿಕೊಂಡು, ಅಪ್ಪನನ್ನು ದಾಟಿ ಹೋಗಿ ಸೂಲಗಿತ್ತಿಯ ಬಾಗಿಲು ತಟ್ಟಿದಳು.

"ಅಜ್ಜೀ, ಎರಡು ಸೇರು ತೌಡು ತಂದಿದ್ದೇನೆ. ಒಂದು ಸೇರಿಗೆ ಪಾಪು ಕೊಡು. ಇನ್ನೊಂದನ್ನು ನೀನೇ ಇಟ್ಟುಕೋ, ನನ್ನನ್ನು ಮಾತ್ರ ವಾಪಸು ತಗೋಬೇಡ."

ರೈತ ತಲೆಯ ಮೇಲೆ ಕೈ ಹೊತ್ತು ಬೀದಿಯಲ್ಲೇ ಕುಳಿತ. ಹಾಲು ಎಲ್ಲಿ ಹೋಯಿತೆಂದು ಈಗ ತಿಳಿಯಿತು. ಸೂಲಗಿತ್ತಿ ಮಡಕೆಯನ್ನು ನೋಡಿದಳು, ಅವನನ್ನು ನೋಡಿದಳು. ಮಗುವನ್ನೆತ್ತಿ ಸೊಂಟಕ್ಕೆ ಹಾಕಿಕೊಂಡು ಅವನ ಹೊಸಿಲು ದಾಟಿದಳು.

"ತಪ್ಪಾಯಿತು ತಾಯಿ" ಎಂದ ಅವನು.

"ಅದಿರಲಿ, ಮೊದಲು ನೀರು ಕಾಯಿಸು" ಎಂದಳು.

ಸಂಜೆಯ ಹೊತ್ತಿಗೆ ಗಂಡುಮಗು ಹುಟ್ಟಿತು. ತಾಯಿ ಮಗಳನ್ನು ಹತ್ತಿರ ಕರೆದು, ಅವಳ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ನಿನ್ನ ತಮ್ಮ ಒಂಬತ್ತು ತಿಂಗಳು ಇದರೊಳಗೇ ಇದ್ದ. ನೀನೂ ಇದರೊಳಗೇ ಇದ್ದೆ. ನಿನಗಾಗಿ ನಾನು ತೌಡೂ ಕೊಡಲಿಲ್ಲ, ಹೊಟ್ಟೂ ಕೊಡಲಿಲ್ಲ. ನಿನ್ನನ್ನು ಯಾರಿಗೂ ಕೊಡುವುದೂ ಇಲ್ಲ."

ಆ ದಿನ ಮಗಳು ಎರಡು ಸಲ ಅನ್ನ ಹಾಕಿಸಿಕೊಂಡಳು. ಮಡಕೆಯ ತೌಡು ಎಮ್ಮೆಗೆ ಹೋಯಿತು.

ಶಿವನಂಜನಿಗೆ ಸಮಾಧಾನವಾಯಿತು. "ಆ ಅಜ್ಜಿ ಸುಳ್ಳು ಹೇಳಬಾರದಿತ್ತು, ಬುದ್ಧಿ. ನಾನಂತೂ ಯಾವ ಸುಳ್ಳನ್ನೂ ಹೇಳಲಿಲ್ಲ" ಎಂದ.

"ಹೌದಪ್ಪ, ನೀನು ಗದರಿಸಿ ಓಡಿಸಿದ ಮಗು ಈಗ ಯಾರ ಬಾಗಿಲಲ್ಲಿ ನಿಂತು ಕೇಳುತ್ತಿದೆಯೋ, ಬಲ್ಲೆಯಾ?" ಎಂದರು ಗುರುಗಳು.