ಎರಡನೇ ತಂತಿಯ ಮೂರನೇ ಮನೆ

“ಮೇಷ್ಟ್ರೇ, ವಾದ್ಯವೇ ಕೆಟ್ಟದ್ದಾದರೆ ವಿದ್ಯೆ ಒಳ್ಳೆಯದು ಹೇಗೆ ಬಂದೀತು?”

ಮಧುಕೇಶ ಕೇಳಿದ ಪ್ರಶ್ನೆ ಇಷ್ಟೇ. ಆದರೆ ಇಷ್ಟು ಕೇಳುವುದಕ್ಕೆ ಅವನು ಹಾಸ್ಟೆಲಿನಿಂದ ಮೇಷ್ಟ್ರ ಮನೆಯವರೆಗೆ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಬೆನ್ನಿಗಿದ್ದದ್ದು ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಗಿಟಾರು. ಅದರ ತಂತಿಗಳು ಹಲಗೆಯಿಂದ ಮೇಲಕ್ಕೆ ನಿಂತು ಬೆರಳು ಕೊಯ್ಯುತ್ತಿದ್ದವು. ಐದನೇ ತಂತಿಯನ್ನು ಒಂದು ಕಡೆ ಒತ್ತಿದರೆ ಸ್ವರದ ಬದಲು ಬುರ್ರೆನ್ನುವ ಸದ್ದು. ಓದು ಮುಗಿಯಲಿ, ಕೆಲಸ ಸಿಗಲಿ, ಒಳ್ಳೆಯದೊಂದು ಕೊಂಡು ಆಮೇಲೆ ಕಲಿತರಾಯಿತು ಎಂದು ಅವನು ನಿಶ್ಚಯಿಸಿಬಿಟ್ಟಿದ್ದ.

ಪಾಂಡುರಂಗ ಮೇಷ್ಟ್ರು ತಮ್ಮ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನೋಡಿದವರ ಕಣ್ಣು ಬೀಳುವಂಥ ವಾದ್ಯ. ಅದರ ಕುತ್ತಿಗೆಯ ಮೇಲೆ ಮಾತ್ರ, ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ಚೂರೊಂದು ಕೊಳೆ ಹಿಡಿದು ಅಂಟಿಕೊಂಡಿತ್ತು. ಅದೇನೆಂದು ಕೇಳುವ ಧೈರ್ಯ ಶಿಷ್ಯರಲ್ಲಿ ಯಾರಿಗೂ ಬಂದಿರಲಿಲ್ಲ.

“ಪಾಠ ಬಿಡೋಕೆ ಬಂದಿದ್ದೀಯ ಅಂತ ಮುಖವೇ ಹೇಳುತ್ತೆ,” ಎಂದರು ಮೇಷ್ಟ್ರು. “ಬಿಡುವೆಯಂತೆ, ಅವಸರವೇನು? ಒಂದು ಕತೆ ಕೇಳಿಕೊಂಡು ಹೋಗು.”

ಹೀಗೆಂದು ಅವರು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬಳು ವಿದ್ಯಾರ್ಥಿನಿ. ಕ್ಯಾಂಟೀನಿನ ತಿಂಡಿ ಬಿಟ್ಟಳು, ಬಸ್ಸು ಬಿಟ್ಟು ನಡೆದಳು, ವರ್ಷವೊಂದಾದ ಮೇಲೆ ಯಾರೋ ಬಳಸಿ ಬಿಟ್ಟ ಗಿಟಾರೊಂದನ್ನು ಕೊಂಡಳು. ಗಿಟಾರಿನ ಕುತ್ತಿಗೆಗೆ ಅಡ್ಡವಾಗಿ ಲೋಹದ ಕಡ್ಡಿಗಳಿರುತ್ತವಲ್ಲ, ಕಡ್ಡಿ ಕಡ್ಡಿಯ ನಡುವಿನ ಜಾಗವೇ ಮನೆ. ಅವಳ ಗಿಟಾರಿನಲ್ಲಿ ಎರಡನೇ ತಂತಿಯ ಮೂರನೇ ಮನೆ ಸತ್ತಿತ್ತು. ಅಲ್ಲಿ ಒತ್ತಿ ಮೀಟಿದರೆ ‘ಥಪ್’ ಎನ್ನುವುದು, ಅಷ್ಟೇ. ಕಲಿಯುವವರ ಪಾಡೇನೆಂದರೆ, ಅವರಿಗೆ ಮೊದಮೊದಲು ಹೇಳಿಕೊಡುವ ಹಾಡುಗಳಿಗೆಲ್ಲ ಆ ಮನೆಯೇ ಬೇಕು.

ರಿಪೇರಿಯವನ ಬಳಿಗೆ ಹೋದಳು. ಅವನು ತಿರುಗಿಸಿ ನೋಡಿ, “ನನಗೆ ಕೊಡೋ ಕೂಲಿಗೆ ಇಂಥದೇ ಇನ್ನೊಂದು ಬರುತ್ತಲ್ಲಮ್ಮ,” ಎಂದ.

ಅವಳು ವಾಪಸು ಬಂದು ಕೂತಳು. ಕಳೆದುಹೋದ ಸ್ವರವನ್ನು ಬಾಯಲ್ಲಿ ಗುನುಗುತ್ತ ಪಕ್ಕದ ತಂತಿಯನ್ನು ಒಂದೊಂದೇ ಮನೆಯಾಗಿ ಒತ್ತುತ್ತ ಹೋದಳು. ಏಳನೇ ಮನೆಯಲ್ಲಿ ಅದು ಸಿಕ್ಕಿತು. ಅದರಾಚೆಯ ತಂತಿಯಲ್ಲಿ ಹುಡುಕಿದಳು. ಹನ್ನೆರಡನೇ ಮನೆಯಲ್ಲೂ ಇತ್ತು! ಒಂದೇ ಸ್ವರ, ಮೂರು ಕಡೆ ಸಂಸಾರ ಹೂಡಿದೆ. ಒಂದು ಸ್ವರವನ್ನು ಹುಡುಕಿ ಹೊರಟವಳಿಗೆ ಉಳಿದ ಸ್ವರಗಳ ಬೇರೆ ಬೇರೆ ವಿಳಾಸಗಳೂ ದಾರಿಯಲ್ಲಿ ಪರಿಚಯವಾದವು.

ಅದೇ ಕಾಲೇಜಿನಲ್ಲಿ ಒಬ್ಬ ವರ್ತಕನ ಮಗನಿದ್ದ. ಅವನಲ್ಲಿ ಬೆಲೆಬಾಳುವ ಗಿಟಾರಿತ್ತು.

“ಏನೇ, ಸ್ವರ ಕೈಯಡಿಯಲ್ಲೇ ಇದ್ದರೂ ನಿನ್ನ ಬೆರಳು ಯಾಕೆ ಊರೆಲ್ಲ ಸುತ್ತುತ್ತೆ?” ಎಂದು ಅವನು ನಗಾಡಿದ.

“ಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ ಕಣೋ. ಅದಕ್ಕೇ ದೂರದ ನೆಂಟರ ಮನೆಗೆ ಹೋಗಿಬರ್ತೀನಿ,” ಎಂದಳು ಅವಳು.

ಕಾಲೇಜಿನ ವಾರ್ಷಿಕೋತ್ಸವ ಬಂತು. ವೇದಿಕೆಯ ಮೇಲೆ ಒಂಟಿಯಾಗಿ ನುಡಿಸುವ ಅವಕಾಶ ಅವಳಿಗೆ ಸಿಕ್ಕಿತು. ಅವಳ ಗಿಟಾರಿನ ದನಿ ಅಷ್ಟು ದೊಡ್ಡ ಸಭೆಗೆ ಸಾಲುತ್ತಿರಲಿಲ್ಲ. ವರ್ತಕನ ಮಗ, “ಇವತ್ತಾದರೂ ನಿಜವಾದ ಗಿಟಾರಿನ ರುಚಿ ನೋಡು,” ಎಂದು ತನ್ನದನ್ನು ಕೊಟ್ಟ. ಕೊಟ್ಟದ್ದೇನೋ ದೊಡ್ಡ ಮನಸ್ಸೇ. ಆದರೆ ಪುಣ್ಯಾತ್ಮ ಅದರ ತಂತಿ ಬದಲಿಸಿ ಎರಡು ವರ್ಷವಾಗಿತ್ತು.

ಹಾಡಿನ ನಡುವೆ ಎರಡನೇ ತಂತಿ ಫಟ್ಟೆಂದು ಹರಿಯಿತು.

ಪರದೆಯ ಪಕ್ಕ ನಿಂತಿದ್ದ ವರ್ತಕನ ಮಗ ಕಣ್ಣು ಮುಚ್ಚಿಕೊಂಡ. ತನ್ನ ಕೈಯಲ್ಲಿ ಹರಿದಿದ್ದರೆ ತಾನು ಎದ್ದು ಬಂದುಬಿಡುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು. ಕಣ್ಣು ಮುಚ್ಚಿದವನಿಗೆ ಹಾಡು ಮಾತ್ರ ಕೇಳುತ್ತಲೇ ಇತ್ತು. ಕಣ್ಣು ಬಿಟ್ಟು ನೋಡುತ್ತಾನೆ, ಅವಳ ಕೈ ಪಕ್ಕದ ತಂತಿಗೆ ದಾಟಿ ಮೇಲಿನ ಮನೆಗಳಲ್ಲಿ ತವರಿನ ಅಂಗಳದಲ್ಲಿ ಓಡಾಡಿದಂತೆ ಓಡಾಡುತ್ತಿದೆ. ಒಂದು ಸ್ವರವೂ ತಪ್ಪಲಿಲ್ಲ. ಚಪ್ಪಾಳೆ ಹೊಡೆದವರಲ್ಲಿ ತಂತಿ ಹರಿದದ್ದು ಗೊತ್ತಿದ್ದವನು ಅವನೊಬ್ಬನೇ. ಎಲ್ಲರಿಗಿಂತ ಹೆಚ್ಚು ಹೊತ್ತು ಹೊಡೆದವನೂ ಅವನೇ.

ಮರುದಿನ ಅವನು ಅವಳನ್ನು ಹುಡುಕಿಕೊಂಡು ಹೋದ. “ನನ್ನದನ್ನು ನೀನೇ ಇಟ್ಟುಕೋ. ನಿನ್ನ ಗಿಟಾರನ್ನು ನನಗೆ ಕೊಡು,” ಎಂದ.

“ಅಯ್ಯೋ ಮಾರಾಯ,” ಎಂದು ಅವಳು ನಕ್ಕಳು. “ದುಡ್ಡಿದ್ದಿದ್ದರೆ ನಾನೂ ಒಳ್ಳೆಯದನ್ನೇ ಕೊಳ್ಳುತ್ತಿದ್ದೆ. ಎಲ್ಲ ಕೊಂಡಾಯ್ತು, ಈಗ ನನ್ನ ಬಡತನಾನೂ ಕೊಳ್ಳೋಕೆ ಬಂದೆಯಾ? ಮನೆಗೆ ಹೋಗಿ ಮೊದಲು ತಂತಿ ಹಾಕಿಸು.”

ಅವನು ತಲೆ ತಗ್ಗಿಸಿ ಮನೆಗೆ ಬಂದ. ಹೊಸ ತಂತಿ ಹಾಕಿಸಿದ. ಆಮೇಲೆ ಔಷಧದ ಡಬ್ಬಿಯಿಂದ ಪ್ಲಾಸ್ಟರು ತೆಗೆದು, ಒಂದು ಚೂರು ಕತ್ತರಿಸಿ, ಎರಡನೇ ತಂತಿಯ ಅಡಿಯಲ್ಲಿ ಮೂರನೇ ಮನೆಗೆ ಅಂಟಿಸಿದ. ಒತ್ತಿ ಮೀಟಿದ. ‘ಥಪ್’ ಎಂದಿತು. ಅಂದಿನಿಂದ ಅವನು ಕಲಿಯತೊಡಗಿದ.

ಮೇಷ್ಟ್ರು ಕತೆ ನಿಲ್ಲಿಸಿದರು.

“ಅವನಿಗೆ ವಿದ್ಯೆ ಬಂತೇ ಮೇಷ್ಟ್ರೇ?” ಎಂದು ಮಧುಕೇಶ ಕೇಳಿದ.

ಮೇಷ್ಟ್ರು ತಮ್ಮ ಗಿಟಾರನ್ನು ಅವನ ಕಡೆಗೆ ವಾಲಿಸಿದರು. ಮಧುಕೇಶನ ಕಣ್ಣು ಪ್ಲಾಸ್ಟರಿನ ಮೇಲೆ ನಿಂತಿತು. ತಂತಿ ಎಣಿಸಿದ. ಮನೆ ಎಣಿಸಿದ. ಇನ್ನೊಮ್ಮೆ ಎಣಿಸಿದ. ಆಮೇಲೆ ಬೆನ್ನಿಗಿದ್ದ ತನ್ನ ಗಿಟಾರನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡ.

“ನಾನು ಅಂಟಿಸಿಕೊಳ್ಳಬೇಕಾಯಿತು ಮಗು, ನಿನಗೆ ಅಂಗಡಿಯವನೇ ಅಂಟಿಸಿ ಕೊಟ್ಟಿದ್ದಾನೆ,” ಎಂದರು ಮೇಷ್ಟ್ರು.